“ಐ ಡಿಡ್ ವಾಕಿಂಗ್” ಅಂದೆ, ಕಾಲ್‌ನಲ್ಲಿ ಎಲ್ಲರೂ ಸುಮ್ಮನಾದರು

ಪೀಣ್ಯ_ಲೆಕ್ಕಿಗ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಊರು ತುಮಕೂರು ಕಡೆ, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಇನ್‌ವಾಯ್ಸು, ಜಿಎಸ್‌ಟಿ, ಆಡಿಟ್ಟು ಅಂದರೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಬೇಕಾದರೂ ಮಾತಾಡುತ್ತೇನೆ, ತೊಂದರೆ ಇಲ್ಲ.

ಹೋದ ತಿಂಗಳಿಂದ ಪ್ರತಿ ಸೋಮವಾರ ಮಧ್ಯಾಹ್ನ ಎರಡೂವರೆಗೆ ಲಂಡನ್ನಿನವರ ಜೊತೆ ಕಾಲ್ ಶುರುವಾಗಿದೆ. ಅವರು ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಮೊದಲ ಐದು ನಿಮಿಷ, ವೀಕೆಂಡಿನಲ್ಲಿ ಏನು ಮಾಡಿದಿರಿ ಅಂತ ಒಬ್ಬೊಬ್ಬರನ್ನೂ ಕೇಳುತ್ತಾರೆ. ಆ ಐದು ನಿಮಿಷಕ್ಕಿಂತ ಆಡಿಟ್ಟೇ ವಾಸಿ.

ಇವತ್ತು ನನ್ನ ಸರದಿ ಬಂತು. ನಾನು ಹೇಳಿದ್ದು ಇಷ್ಟು: “ಐ ಡಿಡ್ ವಾಕಿಂಗ್ ಇನ್ ಲಾಲ್‌ಬಾಗ್. ದೆನ್ ಐ ಸಾ ಟಿವಿ. ಈವ್ನಿಂಗ್ ಐ ಹ್ಯಾಂಗ್ಡ್ ವಿತ್ ಮೈ ಫ್ರೆಂಡ್ಸ್.” ಆಚೆ ಕಡೆ ಎರಡು ಸೆಕೆಂಡ್ ಸದ್ದಿಲ್ಲ. ಯಾರೋ ಕೆಮ್ಮಿದರು. ಪಕ್ಕದ ಸೀಟಿನ ಗೆಳೆಯ ಮೈಕ್ ಆಫ್ ಮಾಡಿ, ಮೇಜಿಗೆ ಹಣೆ ಇಟ್ಟು ನಕ್ಕ. ಆಮೇಲೆ ಹೇಳಿದ, “ಹ್ಯಾಂಗ್ಡ್ ಅಂದ್ರೆ ನೇಣು ಹಾಕಿದ್ರು ಅಂತ. ಗೆಳೆಯರ ಜೊತೆ ನೀನೂ ನೇಣಿಗೆ ಹೋದ ಹಾಗಾಯ್ತು.”

ನನಗೆ ಒಂದೊಂದು ಪದವೂ ಗೊತ್ತು. ವಾಕ್ ಗೊತ್ತು, ಟಿವಿ ಗೊತ್ತು, ಫ್ರೆಂಡ್ ಗೊತ್ತು. ಯಾವುದರ ಪಕ್ಕ ಯಾವುದನ್ನು ಕೂರಿಸಬೇಕು ಅನ್ನುವುದೇ ಗೊತ್ತಿಲ್ಲ. ಇದಕ್ಕೆ ಏನಾದರೂ ನಿಯಮ ಇದೆಯಾ? ಗ್ರಾಮರ್ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಸೋಮವಾರ, ರಾತ್ರಿ 10:25

ನಿಮ್ಮ ಪ್ರಶ್ನೆ ಸರಿಯಾಗಿದೆ. ಗ್ರಾಮರ್ ಪುಸ್ತಕದಲ್ಲಿ ಸಿಗದೇ ಇರುವುದೂ ಸರಿಯೇ. ಇದು ವ್ಯಾಕರಣಕ್ಕಿಂತ ಜಾಸ್ತಿ ಪದಗಳ ಸಹವಾಸದ ವಿಷಯ. ಇಂಗ್ಲಿಷಿನಲ್ಲಿ ಇದನ್ನು ಕೊಲೊಕೇಶನ್ ಅನ್ನುತ್ತಾರೆ. ನಾನು ಕ್ಲಾಸಿನಲ್ಲಿ “ಜೋಡಿ ಪದ” ಅನ್ನುತ್ತಿದ್ದೆ. ಲಾಹೋರಿನಲ್ಲಿ ಮೇಷ್ಟ್ರಾಗಿದ್ದು ಆಮೇಲೆ ಲಂಡನ್ನಿಗೆ ಹೋದ ಫರ್ತ್ ಅನ್ನುವ ಭಾಷಾವಿಜ್ಞಾನಿ, ಪದದ ಗುಣ ತಿಳಿಯಬೇಕಾದರೆ ಅದರ ಜೊತೆಗಾರರನ್ನು ನೋಡಿ ಅಂತ 1957ರಲ್ಲಿ ಬರೆದರು. ನಮ್ಮಲ್ಲಿ ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ಲ, ಪದಗಳ ಕಥೆಯೂ ಹಾಗೇ. ಸಹವಾಸ ತಪ್ಪಿದರೆ ಒಳ್ಳೆ ಪದವೂ ಕೆಡುತ್ತದೆ.

ಈಗ ನಿಮ್ಮ ವಾಕ್ಯಗಳಿಗೆ ಬರೋಣ. ಬಿಡುವಿನ ಚಟುವಟಿಕೆಗೆ ಮೂರು ಕ್ರಿಯಾಪದ ಮುಖ್ಯ: ಪ್ಲೇ, ಗೋ, ಡು.

ಸೋಲು ಗೆಲುವು ಇರುವ ಆಟಕ್ಕೆ ಪ್ಲೇ. ಕ್ರಿಕೆಟ್, ಶಟಲ್, ಕೇರಂ, ಚೆಸ್. ಮನೆಯಿಂದ ಎದ್ದು ಹೋಗಿ ಮಾಡುವ, ಇಂಗ್ ಬಾಲ ಇರುವ ಚಟುವಟಿಕೆಗೆ ಗೋ. ಗೋ ಸ್ವಿಮ್ಮಿಂಗ್, ಗೋ ಶಾಪಿಂಗ್, ಗೋ ಸೈಕ್ಲಿಂಗ್. ನಡುವೆ “ಟು” ಬೇಡ, “ಫಾರ್” ಕೂಡ ಬೇಡ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. “ಐ ಆಮ್ ಗೋಯಿಂಗ್ ಫಾರ್ ಸ್ವಿಮ್ಮಿಂಗ್” ಅಂತಾರೆ. ಫಾರ್ ಬೇಕೇ ಬೇಕು ಅನ್ನಿಸಿದರೆ ಇಂಗ್ ಬಾಲ ಕತ್ತರಿಸಿ, ಎದುರಿಗೆ ಒಂದು “ಎ” ಇಡಿ: ಗೋ ಫಾರ್ ಎ ಸ್ವಿಮ್, ಗೋ ಫಾರ್ ಎ ವಾಕ್, ಗೋ ಫಾರ್ ಎ ಡ್ರೈವ್.

ಈ ಎರಡಕ್ಕೂ ಸೇರದೇ ಉಳಿದದ್ದಕ್ಕೆ ಡು. ಡು ಯೋಗ, ಡು ಕರಾಟೆ, ಡು ಎ ಕ್ರಾಸ್‌ವರ್ಡ್.

ಹಾಗಾಗಿ ನೀವು ಹೇಳಬೇಕಾಗಿದ್ದು: “ಐ ವೆಂಟ್ ಫಾರ್ ಎ ವಾಕ್ ಇನ್ ಲಾಲ್‌ಬಾಗ್, ವಾಚ್ಡ್ ಸಮ್ ಟಿವಿ, ಅಂಡ್ ಹಂಗ್ ಔಟ್ ವಿತ್ ಫ್ರೆಂಡ್ಸ್.” ಹ್ಯಾಂಗ್ ಪದಕ್ಕೆ ಎರಡು ಭೂತಕಾಲ ಇದೆ. ಅಂಗಿ ನೇತು ಹಾಕಿದರೆ ಹಂಗ್, ಗಲ್ಲಿಗೆ ಹಾಕಿದರೆ ಹ್ಯಾಂಗ್ಡ್. “ಔಟ್” ಮರೆಯಬೇಡಿ.

ಬೈಟು_ಕಾಫಿ · ಸೋಮವಾರ, ರಾತ್ರಿ 11:02

ಮೇಷ್ಟ್ರೇ, ನಮಸ್ಕಾರ. ಆದ್ರೂ ಒಂದು ಮಾತು. “ಐ ಡಿಡ್ ವಾಕಿಂಗ್” ಅಂದರೆ ಯಾರಿಗೆ ಅರ್ಥ ಆಗಲ್ಲ ಹೇಳಿ? ಅವನು ಲಾಲ್‌ಬಾಗಿನಲ್ಲಿ ನಡೆದ ಅಂತ ಲಂಡನ್ನಿಗೂ ಗೊತ್ತಾಯ್ತು, ಲಾಲ್‌ಬಾಗ್ ಬಂಡೆಗೂ ಗೊತ್ತಾಯ್ತು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಎಷ್ಟು ಭಾಷೆ ಕೇಳಿದೆಯೋ. ಅವರು ಬಂದು ಒಂದು ವಾಕ್ಯ ಕನ್ನಡ ಮಾತಾಡಲಿ, ಆಮೇಲೆ ನಾವು ಜೋಡಿ ಪದ ಕಲಿಯೋಣ.

ಮತ್ತೆ ನಮ್ಮ ಬೆಂಗಳೂರು ಇಂಗ್ಲಿಷು ಅಂತ ಒಂದು ಇದೆ ಸ್ವಾಮಿ. ದರ್ಶಿನಿಯಲ್ಲಿ ನಿಂತು “ಒನ್ ಬೈಟು ಕಾಫಿ” ಅನ್ನಿ, ಒಂದು ಕಾಫಿ ಎರಡು ಲೋಟಕ್ಕೆ ಸರಿಯಾಗಿ ಬೀಳುತ್ತದೆ. ಇದು ಯಾವ ನಿಘಂಟಿನ ಜೋಡಿ?

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಮಂಗಳವಾರ, ಬೆಳಿಗ್ಗೆ 6:10

ಬೈಟು ಅವರೇ, ಅರ್ಥ ಆಗುತ್ತದೆ, ಒಪ್ಪಿದೆ. ಬೈಟು ಕಾಫಿ ಇಲ್ಲಿನ ಜೋಡಿ, ಅದನ್ನು ಯಾರೂ ತಿದ್ದಬೇಕಾಗಿಲ್ಲ. ನಾನೂ ದಿನಾ ಹಾಗೇ ಕೇಳುತ್ತೇನೆ. ಆದರೆ ಇವರು ಕೇಳಿದ್ದು ಲಂಡನ್ನಿನವರ ಕಾಲ್ ಬಗ್ಗೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು ಮದುವೆಗೆ ಹೋದರೂ ಊಟ ಬಡಿಸುತ್ತಾರೆ. ಆದರೂ ಮನೆಯಿಂದ ಹೊರಡುವಾಗಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವುದಿಲ್ಲವೇ?

ವೈಟ್‌ಫೀಲ್ಡ್_ಕಿಟಕಿ_ಸೀಟು · ಮಂಗಳವಾರ, ಬೆಳಿಗ್ಗೆ 8:55

ಬಸ್ಸಿನಲ್ಲಿ ಕೂತು ಓದುತ್ತಿದ್ದೆ. ಬೈಟು ಅವರ “ಅವರು ಬಂದು ಕನ್ನಡ ಮಾತಾಡಲಿ” ಅನ್ನುವುದಕ್ಕೆ ಒಂದು ಕಥೆ ಇದೆ.

ನಮ್ಮ ಟೀಮಿನಲ್ಲಿ ದೆಹಲಿಯ ಹುಡುಗಿ ಒಬ್ಬಳಿದ್ದಾಳೆ. ಎರಡು ವರ್ಷದಿಂದ ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾಳೆ. ಒಂದು ದಿನ ಊಟ ಆದ ಮೇಲೆ ಕೇಳಿದಳು, “ನೀವು ಎಲೆ ಅಡಿಕೆ ತಿಂದಿರಾ?” ಅಂತ. ನಾನು ಯೋಚನೆ ಮಾಡದೆ, “ತಿನ್ನೋದಲ್ಲ, ಹಾಕ್ಕೊಳ್ಳೋದು” ಅಂದೆ. “ಯಾಕೆ? ಬಾಯಲ್ಲಿ ಅಗಿತೀರಲ್ವಾ?” ಅಂದಳು. ಯಾಕೆ ಅಂತ ನನಗೂ ಗೊತ್ತಿಲ್ಲ.

ಅವತ್ತಿನಿಂದ ಅವಳು ಒಂದು ಪಟ್ಟಿ ಬರೆಯಲು ಶುರು ಮಾಡಿದಳು. ಹರಟೆ ಹೊಡಿ. ಶಿಳ್ಳೆ ಹೊಡಿ. ಈಜು ಹೊಡಿ. ಸೈಕಲ್ ಹೊಡಿ. ನಿದ್ದೆ ಹೊಡಿ. ಫೋಟೋ ಹೊಡಿ. ಗಾಳಿಪಟ ಮಾತ್ರ ಹಾರಿಸು, ಹೂವು ಕಟ್ಟು, ಅದೇ ಹೂವು ಮುಡಿ, ರಂಗೋಲಿ ಬಿಡಿಸು. ಪಟ್ಟಿ ತೋರಿಸಿ, “ನಿಮ್ಮ ಜನ ಇಷ್ಟು ಹೊಡೆದಾಡ್ತೀರಿ, ನಿದ್ದೆಗೂ ಹೊಡಿತೀರಿ, ಆದರೆ ಸ್ನಾನ ಮಾತ್ರ ಯಾಕೆ ಮಾಡ್ತೀರಿ?” ಅಂದಳು. ಬಸ್ಸಿನಲ್ಲಿ ಅಷ್ಟು ನಕ್ಕಿದ್ದು ನಾನು ಅದೇ ಮೊದಲು.

ಹೇಳೋಕೆ ಹೊರಟಿದ್ದು ಏನಂದರೆ, ನಮಗೆ ಈ ಜೋಡಿಗಳನ್ನು ಯಾರೂ ಕಲಿಸಲಿಲ್ಲ. ಅಜ್ಜಿ “ಹರಟೆ ಹೊಡಿಬೇಡ, ಹೋಗಿ ಓದ್ಕೋ” ಅಂತ ಸಾವಿರ ಸಲ ಬೈದಳು, ಹಾಗೇ ಬಂತು. ಇಂಗ್ಲಿಷಿನಲ್ಲಿ ನಮ್ಮನ್ನು ಬೈಯಲು ಅಜ್ಜಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಪೀಣ್ಯ_ಲೆಕ್ಕಿಗ · ಮಂಗಳವಾರ, ಮಧ್ಯಾಹ್ನ 1:20

ಈ ಪಟ್ಟಿ ನೋಡಿ ನನ್ನ ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಯ್ತು. “ವಾಕಿಂಗ್ ಮಾಡಿದೆ” ಅಂತ ತಲೆಯಲ್ಲಿ ಇತ್ತು, “ಡಿಡ್ ವಾಕಿಂಗ್” ಬಂತು. “ಟಿವಿ ನೋಡಿದೆ” ಇತ್ತು, “ಸಾ ಟಿವಿ” ಬಂತು. ಕನ್ನಡದ ಜೋಡಿಯನ್ನೇ ಎಳೆದುಕೊಂಡು ಹೋಗಿದ್ದೇನೆ.

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಮಂಗಳವಾರ, ಮಧ್ಯಾಹ್ನ 3:45

ಭೇಷ್. ಮೂಲ ಸಿಕ್ಕಿತು ನೋಡಿ. ಕನ್ನಡದ ಮೂರು ಕ್ರಿಯಾಪದಗಳ ಮೇಲೆ ಕಣ್ಣಿಟ್ಟರೆ ನಿಮ್ಮ ಮುಕ್ಕಾಲು ತಪ್ಪು ನಿಲ್ಲುತ್ತದೆ.

ಒಂದು, “ನೋಡು”. ನಮಗೆ ಎಲ್ಲವೂ ನೋಡುವುದೇ. ಇಂಗ್ಲಿಷಿನವರು ಇದನ್ನು ಹಂಚಿಕೊಂಡಿದ್ದಾರೆ. ಕಣ್ಣಿಗೆ ಬಿದ್ದರೆ ಸೀ. ಬೇಕೆಂದು ದೃಷ್ಟಿ ಹರಿಸಿದರೆ ಲುಕ್ ಅಟ್. ನಡೆಯುತ್ತಿರುವುದನ್ನು ಕೂತು ನೋಡಿದರೆ ವಾಚ್. ಅದಕ್ಕೇ ಟಿವಿ, ಮ್ಯಾಚು ಎಲ್ಲ ವಾಚ್. ಸಿನಿಮಾಕ್ಕೆ ಮಾತ್ರ ಎರಡೂ ನಡೆಯುತ್ತದೆ. ಥಿಯೇಟರಿಗೆ ಹೋಗಿ ನೋಡಿದರೆ ಸೀ ಅನ್ನುವುದು ರೂಢಿ, ಮನೆಯಲ್ಲಿ ಸೋಫಾದ ಮೇಲಾದರೆ ವಾಚ್.

ಎರಡು, “ಕೇಳು”. ಇದು ದೊಡ್ಡ ಹೊಂಡ. ಹಾಡು ಕೇಳುವುದೂ ಕೇಳುವುದೇ, ದಾರಿ ಕೇಳುವುದೂ ಕೇಳುವುದೇ, ಸಾಲ ಕೇಳುವುದೂ ಕೇಳುವುದೇ. ಒಬ್ಬ ಹುಡುಗ ಪರೀಕ್ಷೆಯಲ್ಲಿ “ಇನ್ ಮೈ ಫ್ರೀ ಟೈಮ್ ಐ ಆಸ್ಕ್ ಸಾಂಗ್ಸ್” ಅಂತ ಬರೆದಿದ್ದ. ಬರೆದಿದ್ದಕ್ಕೆ ಅರ್ಧ ಮಾರ್ಕ್ಸ್ ಕೊಟ್ಟೆ, ಪಾಪ. ಲಿಸನ್ ಅಂದರೆ ಪಕ್ಕದಲ್ಲಿ “ಟು” ಇರಲೇಬೇಕು. ಲಿಸನ್ ಟು ಮ್ಯೂಸಿಕ್, ಲಿಸನ್ ಟು ದ ರೇಡಿಯೋ. “ಲಿಸನಿಂಗ್ ಮ್ಯೂಸಿಕ್” ಅಂತ ಬಯೋಡೇಟಾದಲ್ಲಿ ಬರೆದವರು ಬೆಂಗಳೂರಿನಲ್ಲಿ ಎಷ್ಟಿದ್ದಾರೋ.

ಮೂರು, ನಮ್ಮ “ಮಾಡು”. ಕನ್ನಡದಲ್ಲಿ ಯಾವ ಇಂಗ್ಲಿಷ್ ಪದಕ್ಕೂ ಮಾಡು ಅಂಟಿಸಿದರೆ ಕೆಲಸ ಆಗುತ್ತದೆ. ಶಾಪಿಂಗ್ ಮಾಡು, ಎಂಜಾಯ್ ಮಾಡು, ಪಾರ್ಟಿ ಮಾಡು. ಆ ಮಾಡು ಇಂಗ್ಲಿಷಿಗೆ ಹೋಗುವಾಗ ಯಾವಾಗಲೂ ಡು ಆಗುವುದಿಲ್ಲ. ಪಾರ್ಟಿ, ಪಿಕ್‌ನಿಕ್, ಹರಟೆ, ಊಟ ಇವೆಲ್ಲ ಹ್ಯಾವ್ ಜೊತೆ ಹೋಗುತ್ತವೆ. ಹ್ಯಾವ್ ಎ ಪಾರ್ಟಿ, ಹ್ಯಾವ್ ಎ ಪಿಕ್‌ನಿಕ್, ಹ್ಯಾವ್ ಎ ಚಾಟ್, ಹ್ಯಾವ್ ಲಂಚ್.

ಇದೆಲ್ಲ ನಾನು ಕಂಡುಹಿಡಿದದ್ದಲ್ಲ. ಜ್ಞಾನಭಾರತಿಯಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ವಾಪಸ್ ಬಂದ ಮೇಲೆ ನನ್ನ ಹಳೇ ನೋಟ್ಸ್ ಅರ್ಧ ಹರಿದು ಹಾಕಿದೆ.

ಹೊಸಬಳು_ವಿಜಯನಗರ · ಮಂಗಳವಾರ, ಸಂಜೆ 6:30

ಸಾರ್, ಒಂದು ಡೌಟು. ಪ್ಲೇ ಅಂದರೆ ಸೋಲು ಗೆಲುವು ಇರುವ ಆಟ ಅಂದಿರಿ. ಹಾಗಾದರೆ ಬೌಲಿಂಗ್? ಮಾಲ್‌ನಲ್ಲಿ ಚೆಂಡು ಉರುಳಿಸಿ ಪಿನ್ ಬೀಳಿಸುತ್ತಾರಲ್ಲ, ಅದರಲ್ಲಿ ಪಾಯಿಂಟ್ಸ್ ಎಲ್ಲ ಇದೆ. “ಲೆಟ್ಸ್ ಪ್ಲೇ ಬೌಲಿಂಗ್” ಅಂದಿದ್ದಕ್ಕೆ ನನ್ನ ಕಸಿನ್ ನಕ್ಕಳು. “ಗೋ ಬೌಲಿಂಗ್” ಅನ್ನಬೇಕಂತೆ. ಅವಳು ಇಂಟರ್‌ನ್ಯಾಷನಲ್ ಸ್ಕೂಲು, ಸುಮ್ಮಸುಮ್ಮನೆ ನಗುತ್ತಾಳೆ.

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಮಂಗಳವಾರ, ಸಂಜೆ 7:15

ಅವಳು ನಕ್ಕಿದ್ದು ತಪ್ಪು, ಹೇಳಿದ್ದು ಸರಿ. ಗೋ ಬೌಲಿಂಗ್ ಅನ್ನುವುದೇ ರೂಢಿ. ನನ್ನ ನಿಯಮಕ್ಕೆ ತೂತು ಬಿತ್ತು, ಒಪ್ಪಿಕೊಂಡೆ. ಅಲ್ಲಿ ಇಂಗ್ ಬಾಲ ಗೆದ್ದಿದೆ. ಇಂಥ ತೂತು ಇನ್ನೂ ಸಿಗುತ್ತವೆ. ಬಾಕ್ಸಿಂಗ್ ನೋಡಿ, ಸೋಲು ಗೆಲುವು ಇದೆ, ಇಂಗ್ ಬಾಲವೂ ಇದೆ. ಆದರೆ ಕ್ಲಾಸಿಗೆ ಸೇರಿ ಕಲಿಯುತ್ತಿದ್ದರೆ ಡು ಬಾಕ್ಸಿಂಗ್ ಅಂತಾರೆ. ನಿಯಮ ಅನ್ನುವುದು ದಾರಿ ತೋರಿಸುವ ಬೋರ್ಡು ಮಾತ್ರ. ನಮ್ಮ ಬೆಂಗಳೂರಿನಲ್ಲಿ ಬೋರ್ಡು ನಂಬಿಕೊಂಡು ಎಷ್ಟು ಸಲ ಒನ್ ವೇಗೆ ನುಗ್ಗಿಲ್ಲ?

ಭಾನುವಾರದ_ಚಾರಣಿಗ · ಮಂಗಳವಾರ, ರಾತ್ರಿ 9:05

ನನ್ನದೂ ಒಂದು ಮಾನ ಹೋದ ಕಥೆ ಕೇಳಿ. ತಿಂಗಳಿಗೆ ಒಂದು ಸಲವಾದರೂ ಬೆಟ್ಟ ಹತ್ತುವ ಚಟ ನನಗೆ. ಸಾವನದುರ್ಗ, ಮಾಕಳಿದುರ್ಗ, ನಂದಿ, ಹೀಗೆ. ಹಳೇ ಆಫೀಸಿಗೆ ಅಮೆರಿಕದಿಂದ ಒಬ್ಬ ದೊಡ್ಡ ಸಾಹೇಬರು ಬಂದಿದ್ದರು. ಶನಿವಾರ ಏನು ಮಾಡಲಿ ಅಂತ ಕೇಳಿದರು. ನಾನು ಬಹಳ ವಿನಯದಿಂದ, ಕೈ ಕಟ್ಟಿಕೊಂಡು, “ಸರ್, ಯು ಶುಡ್ ಟೇಕ್ ಎ ಹೈಕ್” ಅಂದೆ.

ಟೇಕ್ ಎ ವಾಕ್ ಇದೆಯಲ್ಲ, ಅದರ ತಮ್ಮ ಇರಬೇಕು ಅಂದುಕೊಂಡಿದ್ದೆ. ಅಮೆರಿಕದಲ್ಲಿ “ಟೇಕ್ ಎ ಹೈಕ್” ಅಂದರೆ “ತೊಲಗಾಚೆ” ಅಂತ! ಅವರು ಒಳ್ಳೆಯವರು, ಅರ್ಥ ಮಾಡಿಕೊಂಡು ನಕ್ಕರು. ನನ್ನ ಮ್ಯಾನೇಜರ್ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಿತ್ತು.

ಗೋ ಹೈಕಿಂಗ್, ಗೋ ಟ್ರೆಕ್ಕಿಂಗ್, ಗೋ ಆನ್ ಎ ಟ್ರೆಕ್. ಈ ಮೂರು ಈಗ ಬಾಯಿಪಾಠ.

ಆರನೇಕ್ಲಾಸ್_ಅಮ್ಮ · ಮಂಗಳವಾರ, ರಾತ್ರಿ 9:40

ಅಯ್ಯೋ ಅಣ್ಣ, ನನ್ನ ಮಗಳಿಗೆ “ಗೋ ಫ್ಲೈ ಎ ಕೈಟ್” ಅಂತ ಯಾರೋ ಆನ್‌ಲೈನ್ ಆಟದಲ್ಲಿ ಬರೆದಿದ್ದರಂತೆ. ಅವಳು ಖುಷಿಯಾಗಿ ಗಾಳಿಪಟ ಕೊಡಿಸು ಅಂತ ಹಿಂದೆ ಬಿದ್ದಳು. ಅದೂ ತೊಲಗು ಅಂತಲೇ ಅರ್ಥ ಅಂತ ಆಮೇಲೆ ಗೊತ್ತಾಯ್ತು. ಫ್ಲೈ ಎ ಕೈಟ್ ಒಳ್ಳೇ ಜೋಡಿ, ಮುಂದೆ ಗೋ ಸೇರಿದರೆ ಬೈಗುಳ. ಗಾಳಿಪಟ ಮಾತ್ರ ಕೊಡಿಸಿದೆ.

ನಾನು ಬರೆಯೋಕೆ ಬಂದದ್ದು ಬೇರೆ. ನಮ್ಮ ಮನೆಯಲ್ಲಿ ಈ ಜೋಡಿ ಪದಗಳಿಗೆ ಒಂದು ಉಪಾಯ ಮಾಡಿದ್ದೇವೆ. ಶಾಲೆಯಲ್ಲಿ ಪಟ್ಟಿ ಕೊಟ್ಟು ಕಲಿತು ಬಾ ಅಂದಿದ್ದರು. ಅವಳು ಗಿಳಿಪಾಠ ಒಪ್ಪಿಸಿ ಮಾರನೇ ದಿನ ಮರೆಯುತ್ತಿದ್ದಳು. ಪಟ್ಟಿ ಕೆಲಸ ಮಾಡಲ್ಲ ಅಂತ ಗೊತ್ತಾಗಿ ಚೌಕಾಬಾರ ಶುರು ಮಾಡಿದೆ.

ಹಾಲ್‌ನಲ್ಲಿ ಸೀಮೆಸುಣ್ಣದಿಂದ ಐದಕ್ಕೆ ಐದು ಮನೆ ಬರೆಯುವುದು. 25 ಮನೆಯಲ್ಲಿ ನಾಲ್ಕು ಕಡೆಯ ಕಟ್ಟೆ, ನಡುವಿನ ಹಣ್ಣಿನ ಮನೆ ಬಿಟ್ಟರೆ 20 ಉಳಿಯುತ್ತವೆ. ಆ ಇಪ್ಪತ್ತರಲ್ಲೂ ಒಂದೊಂದು ಪದದ ಚೀಟಿ ಇಡುತ್ತೇವೆ: ಫೋಟೋ, ಡೈರಿ, ಮೂವಿ, ಪಿಕ್‌ನಿಕ್, ಸ್ಟಾಂಪ್ಸ್, ಜೋಕ್, ನ್ಯಾಪ್, ಹೀಗೆ. ಕವಡೆ ಹಾಕಿ, ಕಾಯಿ ನಡೆಸಿ, ನಿಂತ ಮನೆಯ ಪದಕ್ಕೆ ಸರಿಯಾದ ಕ್ರಿಯಾಪದ ಹೇಳಬೇಕು. ಟೇಕ್ ಎ ಫೋಟೋ, ಕೀಪ್ ಎ ಡೈರಿ, ಕಲೆಕ್ಟ್ ಸ್ಟಾಂಪ್ಸ್, ಟೆಲ್ ಎ ಜೋಕ್. ತಪ್ಪಿದರೆ ಕಾಯಿ ಹಿಂದಿನ ಮನೆಗೆ ವಾಪಸ್. ಕಟ್ಟೆಯಲ್ಲಿ ನಿಂತರೆ ಏನೂ ಹೇಳಬೇಕಾಗಿಲ್ಲ, ಆರಾಮ.

ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ. ಅವರಿಗೆ 72 ವರ್ಷ. ಮೊದಲು ಕವಡೆ ಹಾಕೋಕೆ ಮಾತ್ರ ಕೂತಿದ್ದರು. ಎರಡು ವಾರ ಆಗುವುದರಲ್ಲಿ ಮೊಮ್ಮಗಳು “ಸೇ ಎ ಜೋಕ್” ಅಂದರೆ ಇವರೇ, “ಸೇ ಅಲ್ವೇ, ಟೆಲ್ಲು! ಕಾಯಿ ಹಿಂದಕ್ಕಿಡು” ಅಂತಾರೆ. ಹೋದ ಭಾನುವಾರ ಬಾರ ಬಿದ್ದು ಎಂಟು ಮನೆ ನಡೆಸಿ, ನ್ಯಾಪ್ ಮೇಲೆ ನಿಂತರು. ಕನ್ನಡಕ ಮೇಲೆ ಮಾಡಿ, ಚೀಟಿ ಹತ್ತಿರ ಹಿಡಿದು, “ಟೇಕು. ಟೇಕ್ ಎ ನ್ಯಾಪು. ನಾನು ದಿನಾ ಮಾಡೋದೇ ಅದು” ಅಂದರು. ಮಗಳು “ಹ್ಯಾವ್ ಎ ನ್ಯಾಪ್ ಅಂತ ನಮ್ಮ ಬುಕ್ಕಲ್ಲಿದೆ” ಅಂತ ಜಗಳಕ್ಕೆ ನಿಂತಳು. ಯಾರು ಸರಿ ಮೇಷ್ಟ್ರೇ? ಮನೆಯಲ್ಲಿ ತೀರ್ಪು ಬಾಕಿ ಇದೆ.

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಬುಧವಾರ, ಬೆಳಿಗ್ಗೆ 6:20

ಅತ್ತೆಯವರ ಕಾಯಿ ಅಲ್ಲೇ ಇರಲಿ, ಹಿಂದಕ್ಕೆ ಇಡಬೇಡಿ. ಎರಡೂ ಸರಿ. ಬ್ರಿಟಿಷರು ಹ್ಯಾವ್ ಎ ನ್ಯಾಪ್, ಹ್ಯಾವ್ ಎ ಬಾತ್ ಅನ್ನುತ್ತಾರೆ, ಅಮೆರಿಕನ್ನರು ಟೇಕ್ ಅನ್ನುತ್ತಾರೆ. ವೀಕೆಂಡ್ ಕೂಡ ಹಾಗೇ. ಲಂಡನ್ನಿನವರು “ಅಟ್ ದ ವೀಕೆಂಡ್”, ಅಮೆರಿಕದವರು “ಆನ್ ದ ವೀಕೆಂಡ್”. ಪೀಣ್ಯದವರು ಇದನ್ನು ಗುರುತು ಹಾಕಿಕೊಳ್ಳಲಿ.

ನಿಮ್ಮ ಚೌಕಾಬಾರಕ್ಕೆ ನಮಸ್ಕಾರ. 35 ವರ್ಷ ಪಾಠ ಮಾಡಿದೆ, ನನಗೆ ಹೊಳೆಯಲಿಲ್ಲ.

ವೀಣೆ_ಟೀಚರ್_ಚಾಮರಾಜಪೇಟೆ · ಬುಧವಾರ, ಬೆಳಿಗ್ಗೆ 11:30

ಚೀಟಿಗಳಲ್ಲಿ ವಾದ್ಯಗಳನ್ನೂ ಸೇರಿಸಿ. ಕನ್ನಡದಲ್ಲಿ ವೀಣೆ ನುಡಿಸು, ಕೊಳಲು ಊದು, ಡೋಲು ಬಾರಿಸು ಅಂತ ಎಷ್ಟು ಚೆನ್ನಾಗಿ ಬೇರೆ ಬೇರೆ ಇದೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ಪ್ಲೇ. ಕ್ರಿಕೆಟ್ಟಿಗೂ ಅದೇ, ಕಲ್ಯಾಣಿ ರಾಗಕ್ಕೂ ಅದೇ. ಬಡತನ ಅನ್ನಬೇಕು ಅಷ್ಟೇ.

ಒಂದು ವ್ಯತ್ಯಾಸ ಇದೆ. ವಾದ್ಯದ ಮುಂದೆ “ದ” ಬರುತ್ತದೆ, ಆಟದ ಮುಂದೆ ಬರಲ್ಲ. ಪ್ಲೇ ದ ವೀಣಾ, ಪ್ಲೇ ಕೇರಂ. ಅಮೆರಿಕದಲ್ಲಿರುವ ನನ್ನ ಆನ್‌ಲೈನ್ ಶಿಷ್ಯೆಯರು ಎಷ್ಟೋ ಸಲ “ದ” ಬಿಟ್ಟೇ ಮಾತಾಡುತ್ತಾರೆ, ಅದೂ ನಡೆಯುತ್ತದೆ. ನಡೆಯದೇ ಇರುವುದು “ಪ್ಲೇ ದ ಕ್ರಿಕೆಟ್”. ರಾಮನವಮಿ ಕಛೇರಿಗೆ ಹೋದರೆ ಅದು “ಗೋ ಟು ಎ ಕಾನ್ಸರ್ಟ್”. ಜಾಗವೋ ಕಾರ್ಯಕ್ರಮವೋ ಆದರೆ ಟು ಬೇಕು, ಇಂಗ್ ಇದ್ದರೆ ಬೇಡ. ಗೋ ಹೋಮ್ ಒಂದಕ್ಕೆ ಟು ಇಲ್ಲ, ಮನೆಗೆ ಹೋಗೋಕೆ ಯಾರ ಹಂಗೂ ಬೇಡ ಅಂತ ನೆನಪಿಟ್ಟುಕೊಳ್ಳಿ.

ಹೊಸಬಳು_ವಿಜಯನಗರ · ಬುಧವಾರ, ಮಧ್ಯಾಹ್ನ 2:10

ಟೀಚರ್, ಸೂಪರ್. ಟೇಕ್ ಎ ಫೋಟೋ ಅಂದರು, ಆದರೆ ನಾವೆಲ್ಲ “ಕ್ಲಿಕ್ ಎ ಫೋಟೋ” ಅಂತೀವಲ್ಲ? ಮತ್ತೆ “ಡುಯಿಂಗ್ ಟೈಮ್‌ಪಾಸ್”?

ವೈಟ್‌ಫೀಲ್ಡ್_ಕಿಟಕಿ_ಸೀಟು · ಬುಧವಾರ, ಸಂಜೆ 6:50

ಕ್ಲಿಕ್ ಎ ಫೋಟೋ ನಮ್ಮ ದೇಶದ ಜೋಡಿ. ಇಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರಿಗೆ ಟೇಕ್ ಅನ್ನಿ. ಟೈಮ್‌ಪಾಸ್ ಕಡಲೆಕಾಯಿ ಮಾರುವವರ ಬಾಯಲ್ಲಿ ಮಾತ್ರ ಚೆಂದ. ಇಂಗ್ಲಿಷಿನಲ್ಲಿ ಪಾಸ್ ದ ಟೈಮ್, ಇಲ್ಲಾಂದರೆ ಕಿಲ್ ಟೈಮ್. ಅವರು ಕೊಲ್ಲುತ್ತಾರೆ, ನಾವು ಹೊಡಿತೀವಿ. ದೆಹಲಿ ಹುಡುಗಿಗೆ ಹೇಳಬೇಕು.

ಬೈಟು_ಕಾಫಿ · ಗುರುವಾರ, ರಾತ್ರಿ 10:30

ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ಒಂದು ವಿಷಯ ಒಪ್ಪಿಕೊಳ್ಳಬೇಕು. ನಿನ್ನೆ ಮಗನ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ಟೂರ್ ಹೇಗಿತ್ತು ಅಂತ ಕೇಳಿದರು. ನಾನು ಜೋರಾಗಿ “ವಿ ಎಂಜಾಯ್ಡ್ ಎ ಲಾಟ್” ಅಂದೆ. ಅಂದ ಕೂಡಲೇ ಈ ಚರ್ಚೆ ನೆನಪಾಯ್ತು. ಅನುಮಾನ ಶುರುವಾಯ್ತು. ನಿಮ್ಮೆಲ್ಲರಿಂದ ನನ್ನ ಇಂಗ್ಲಿಷು ಇದ್ದದ್ದೂ ಹೋಯ್ತು. ಅದು ಸರಿನಾ?

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಶುಕ್ರವಾರ, ಬೆಳಿಗ್ಗೆ 6:05

ಎಂಜಾಯ್ ಒಂಟಿಯಾಗಿ ನಿಲ್ಲುವ ಪದ ಅಲ್ಲ. ಏನನ್ನು ಎಂಜಾಯ್ ಮಾಡಿದಿರಿ ಅಂತ ಹೇಳಬೇಕು. ವಿ ಎಂಜಾಯ್ಡ್ ದ ಟ್ರಿಪ್. ಏನೂ ಹೇಳಲು ಇಲ್ಲದಿದ್ದರೆ ವಿ ಎಂಜಾಯ್ಡ್ ಅವರ್‌ಸೆಲ್ವ್ಸ್. ಸುಲಭ ಬೇಕಾದರೆ ವಿ ಹ್ಯಾಡ್ ಎ ಗುಡ್ ಟೈಮ್. ಚಿಂತೆ ಮಾಡಬೇಡಿ, ಕೇಳಿದ ಟೀಚರೂ ಹಾಗೇ ಹೇಳುತ್ತಾರೆ.

ಪುಸ್ತಕ ಬೇಕಾದವರಿಗೆ ಒಂದು ಮಾತು. ಆಕ್ಸ್‌ಫರ್ಡ್‌ನವರು ಜೋಡಿ ಪದಗಳಿಗೆಂದೇ ಒಂದು ನಿಘಂಟು ಮಾಡಿದ್ದಾರೆ, 2002ರಲ್ಲಿ ಮೊದಲ ಸಲ ಬಂತು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಅದರಲ್ಲಿ ಅರ್ಥ ಹುಡುಕಬೇಡಿ. “ಹಾಲಿಡೇ” ತೆಗೆದರೆ ಅದರ ಹಿಂದೆ ಮುಂದೆ ಯಾರು ಯಾರು ಬರುತ್ತಾರೆ ಅಂತ ಸಾಲಾಗಿ ಇರುತ್ತದೆ. ದಿನಕ್ಕೆ ಒಂದು ಪದ ಸಾಕು. ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಹೆಂಡತಿಯನ್ನು ಬಿಟ್ಟು ಗಂಡನನ್ನು ಮಾತ್ರ ಮದುವೆಗೆ ಕರೆದ ಹಾಗೆ.

ಪೀಣ್ಯ_ಲೆಕ್ಕಿಗ · ಸೋಮವಾರ, ರಾತ್ರಿ 8:15

ವರದಿ ಒಪ್ಪಿಸಲು ಬಂದಿದ್ದೇನೆ.

ಶನಿವಾರ ಕಬ್ಬನ್ ಪಾರ್ಕಿಗೆ ಹೋದೆ. ನಿಜ ಹೇಳಬೇಕಾದರೆ, ಸೋಮವಾರ ಹೇಳಲು ಏನಾದರೂ ಇರಲಿ ಅಂತಲೇ ಹೋದೆ. ಅಲ್ಲಿ ಚಾಪೆ ಹಾಸಿಕೊಂಡು ಸುಮಾರು ಜನ ಮಾತಿಲ್ಲದೆ ಪುಸ್ತಕ ಓದುತ್ತಿದ್ದರು. ನಾನೂ ಒಂದು ಮರದ ಬುಡದಲ್ಲಿ ಕೂತೆ. ಮೊಬೈಲಿನಲ್ಲಿ ಜೋಡಿಗಳನ್ನು ಬರೆದುಕೊಂಡೆ.

ಇವತ್ತು ಕಾಲ್‌ನಲ್ಲಿ ನನ್ನ ಸರದಿ ಬಂದಾಗ ಒಂದೇ ಉಸಿರಿಗೆ, “ಐ ವೆಂಟ್ ಫಾರ್ ಎ ವಾಕ್ ಇನ್ ಕಬ್ಬನ್ ಪಾರ್ಕ್, ಹ್ಯಾಡ್ ಕಾಫಿ ವಿತ್ ಎ ಫ್ರೆಂಡ್, ಅಂಡ್ ವಾಚ್ಡ್ ದ ಮ್ಯಾಚ್ ಅಟ್ ಹೋಮ್” ಅಂದೆ. ಯಾರೂ ಕೆಮ್ಮಲಿಲ್ಲ. “ಲವ್ಲಿ” ಅಂದರು. ಪಕ್ಕದ ಸೀಟಿನವನು ನನ್ನ ಕಡೆ ತಿರುಗಿ ನೋಡಿದ.

ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಧೈರ್ಯ ಜಾಸ್ತಿ ಆಗಿ ನಾನೇ ತಿರುಗಿ ಕೇಳಿದೆ, “ಹೌ ವಾಸ್ ಯುವರ್ ವೀಕೆಂಡ್?” ಅಂತ. ಅಲ್ಲಿನ ಹಿರಿಯ ಮೇಡಂ ಒಬ್ಬರು, “ಓ, ನಥಿಂಗ್ ಮಚ್, ಐ ಜಸ್ಟ್ ಪಾಟರ್ಡ್ ಅಬೌಟ್ ಇನ್ ದ ಗಾರ್ಡನ್” ಅಂದರು. ಪಾಟರ್ ಅಂದರೆ ಕುಂಬಾರ, ಇದು ಒಂಬತ್ತನೇ ಕ್ಲಾಸಿನಿಂದ ಗೊತ್ತು. ತೋಟದಲ್ಲಿ ಮಡಕೆ ಮಾಡುತ್ತಾರೆ, ಎಂಥಾ ಒಳ್ಳೆ ಹವ್ಯಾಸ ಅನ್ನಿಸಿತು. “ವೆರಿ ನೈಸ್. ಹೌ ಮೆನಿ ಪಾಟ್ಸ್ ಡಿಡ್ ಯು ಮೇಕ್?” ಅಂದೆ.

ಈ ಸಲ ಸುಮ್ಮನಾಗಲಿಲ್ಲ, ಎಲ್ಲರೂ ನಕ್ಕರು. ಮೇಡಂ ಅವರೇ ಎಲ್ಲರಿಗಿಂತ ಜಾಸ್ತಿ ನಕ್ಕರು. ಕಣ್ಣು ಒರೆಸಿಕೊಂಡು, “ಮುಂದಿನ ವಾರ ಎರಡು ಮಡಕೆ ಮಾಡಿ ಹೇಳುತ್ತೇನೆ” ಅಂದರು. ಏನದು ಮೇಷ್ಟ್ರೇ ಪಾಟರ್ಡ್ ಅಬೌಟ್?

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಸೋಮವಾರ, ರಾತ್ರಿ 9:00

ನಕ್ಕು ನಕ್ಕು ನಮ್ಮ ಮನೆಯವರು ಒಳಗಿನಿಂದ ಏನಾಯ್ತು ಅಂತ ಬಂದರು.

ಪಾಟರ್ ಅಬೌಟ್ ಬ್ರಿಟಿಷರ ಮಾತು. ಕುಂಬಾರನಿಗೂ ಅದಕ್ಕೂ ಸಂಬಂಧ ಇಲ್ಲ. ಅವಸರ ಇಲ್ಲದೆ, ಇಂಥದ್ದೇ ಅಂತ ಇಲ್ಲದೆ, ಒಂದು ಗಿಡಕ್ಕೆ ನೀರು ಹಾಕಿ, ಇನ್ನೊಂದರ ಒಣಗಿದ ಎಲೆ ಕಿತ್ತು, ಮಧ್ಯೆ ಸ್ವಲ್ಪ ಹೊತ್ತು ನಿಂತು, ಹೀಗೆ ಕಾಲ ಕಳೆಯುವುದು.

ಆರನೇಕ್ಲಾಸ್_ಅಮ್ಮ · ಸೋಮವಾರ, ರಾತ್ರಿ 9:20

ಅಂದರೆ “ಸುಮ್ನೆ ಏನೋ ಮಾಡ್ಕೊಂಡಿದ್ದೆ” ಅಂತೀವಲ್ಲ, ಅದೇ ಅಲ್ವಾ?

ನಿವೃತ್ತ_ಮೇಷ್ಟ್ರು_ಮಲ್ಲೇಶ್ವರ · ಸೋಮವಾರ, ರಾತ್ರಿ 9:25

ಅದೇ ತಾಯಿ. “ಸುಮ್ನೆ”ಗೆ ಇಂಗ್ಲಿಷಿನಲ್ಲಿ ಏನು ಅಂತ ಹುಡುಗರು ಕೇಳಿದಾಗಲೆಲ್ಲ ತಪ್ಪಿಸಿಕೊಳ್ಳುತ್ತಿದ್ದೆ.

ಆರನೇಕ್ಲಾಸ್_ಅಮ್ಮ · ಸೋಮವಾರ, ರಾತ್ರಿ 9:31

ನಾಳೆ ಚೌಕಾಬಾರಕ್ಕೆ ಚೀಟಿ ಸೇರಿಸುತ್ತೇನೆ. ಅತ್ತೆ ಆಗಲೇ ಪಾಟರು ಪಾಟರು ಅಂತ ಬಾಯಿಪಾಠ ಮಾಡುತ್ತಿದ್ದಾರೆ.

ಬೈಟು_ಕಾಫಿ · ಸೋಮವಾರ, ರಾತ್ರಿ 11:10

ಪೀಣ್ಯದವರೇ, ಮುಂದಿನ ಶನಿವಾರ ಕಬ್ಬನ್ ಪಾರ್ಕಿಗೆ ನಾನೂ ಬರುತ್ತೇನೆ. ಕಾಫಿ ನನ್ನ ಲೆಕ್ಕ, ಬೈಟು ಅಲ್ಲ, ಫುಲ್ಲು.

ಪೀಣ್ಯ_ಲೆಕ್ಕಿಗ · ಸೋಮವಾರ, ರಾತ್ರಿ 11:14

ಬನ್ನಿ ಸಾರ್. ಏನು ಮಾಡೋಣ ಅಲ್ಲಿ? ವಾಕಾ, ಓದೋದಾ?

ಬೈಟು_ಕಾಫಿ · ಸೋಮವಾರ, ರಾತ್ರಿ 11:15

ಸುಮ್ನೆ.